ಕೊಕ್ಕು ತಲುಪದ ಜಾಗ

ಬಾತುಕೋಳಿಯ ಕತ್ತು ಮೈಯ ಯಾವ ಮೂಲೆಗೆ ಬೇಕಾದರೂ ಬಾಗುತ್ತದೆ. ಬೆನ್ನು, ಹೊಟ್ಟೆ, ರೆಕ್ಕೆಯ ಒಳಮಗ್ಗುಲು, ಬಾಲದ ಬುಡ, ಎಲ್ಲ ಕಡೆಯ ಗರಿಗಳನ್ನೂ ಅದು ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ತೀಡಿಕೊಳ್ಳುತ್ತದೆ. ಅದಕ್ಕೆ ಸಿಗದ ಜಾಗ ಒಂದೇ: ತನ್ನ ತಲೆ ಮತ್ತು ಕತ್ತಿನ ಮೇಲರ್ಧ. ಕೊಕ್ಕು ಇರುವುದೇ ಅಲ್ಲಿ. ಎಷ್ಟು ಬಾಗಿದರೂ ಅದು ತನ್ನ ಹಿಂಗತ್ತನ್ನು ತಾನು ಮುಟ್ಟಲಾರದು.

ಮನೆಯ ಬಾತಿನ ಕತ್ತು ಬೋಳಾಗುತ್ತಿದೆ ಎಂದು ಗಾಬರಿಯಾದವರು ಮೊದಲು ಯೋಚಿಸಬೇಕಾದದ್ದು ಈ ಸಣ್ಣ ಸಂಗತಿಯನ್ನು. ಪಂಜರದ ಗಿಳಿಜಾತಿಯ ಹಕ್ಕಿಗಳು ಬೇಸರಕ್ಕೋ ಕಾಯಿಲೆಗೋ ತಮ್ಮ ಗರಿ ತಾವೇ ಕಿತ್ತುಕೊಳ್ಳುತ್ತವೆ. ಆಗ ಎದೆ, ಹೊಟ್ಟೆ ಬೋಳಾದರೂ ತಲೆ ಮಾತ್ರ ತುಂಬುಗರಿಯಿಂದ ಮಿರುಗುತ್ತಿರುತ್ತದೆ. ಕೊಕ್ಕಿಗೆ ಸಿಗದ ಕಡೆ ಗರಿ ಉಳಿದಿದೆಯೇ ಎಂದು ನೋಡಿಯೇ ಪಶುವೈದ್ಯರು ಅದನ್ನು ಗುರುತಿಸುತ್ತಾರೆ. ಬಾತಿನ ಬೋಳುಗತ್ತು ಇದಕ್ಕೆ ತದ್ವಿರುದ್ಧ. ಅಲ್ಲಿ ಗರಿ ಹೋಗಿದೆ ಎಂದರೆ ಅದನ್ನು ಬಾತು ತಾನಾಗಿ ಕಿತ್ತದ್ದಲ್ಲ. ಇನ್ನೊಂದು ಬಾತು, ಒಂದು ಹುಳು, ಒಂದು ತಂತಿ ಅಥವಾ ಬರೀ ಕಾಲಧರ್ಮ, ಇವುಗಳಲ್ಲಿ ಒಂದು ಕಾರಣವಿರಬೇಕು. ಹಾಗಾಗಿ ಬೋಳುಗತ್ತು ಆ ಬಾತಿನ ಒಳಗಿನ ಕಾಯಿಲೆಗಿಂತ ಹೆಚ್ಚಾಗಿ ಅದರ ಸುತ್ತಲಿನ ಬದುಕಿನ ಸುದ್ದಿ ಹೇಳುತ್ತದೆ. ಔಷಧಿ ಅಂಗಡಿಯಿಂದ ವಿಟಮಿನ್ ಹನಿ ತರುವ ಮೊದಲು ಆ ಸುದ್ದಿಯನ್ನು ಓದಿಕೊಳ್ಳುವುದು ಮೇಲು.

ಎಲ್ಲಿ ಬೋಳಾಗಿದೆ?

ಹಕ್ಕಿಯ ಮೈತುಂಬ ಗರಿ ಇದೆಯೆಂದು ತೋರಿದರೂ ಗರಿಗಳು ಹುಟ್ಟುವುದು ಕೆಲವು ಪಟ್ಟೆಗಳಲ್ಲಿ ಮಾತ್ರ. ನಡುನಡುವೆ ಖಾಲಿ ಚರ್ಮ ಇರುತ್ತದೆ, ಅಕ್ಕಪಕ್ಕದ ಗರಿಗಳು ಅದನ್ನು ಮುಚ್ಚಿಕೊಂಡಿರುತ್ತವೆ. ನೀರುಹಕ್ಕಿಗಳ ಕತ್ತಿನ ಮೇಲೆ ಮಾತ್ರ ಗರಿಗಳ ಸಾಂದ್ರತೆ ಬೆರಗು ಹುಟ್ಟಿಸುವಂಥದ್ದು. ಅಮೆರಿಕದಲ್ಲಿ ಒಂದು ಟಂಡ್ರಾ ಹಂಸದ ಗರಿಗಳನ್ನು ತಾಳ್ಮೆಯಿಂದ ಎಣಿಸಿದವರಿಗೆ 25,216 ಸಿಕ್ಕವು. ಅದರಲ್ಲಿ 20,177 ಇದ್ದದ್ದು ತಲೆ ಮತ್ತು ಕತ್ತಿನ ಮೇಲೆ. ನೀರಿನೊಳಗೆ ಮುಳುಗೇಳುವ ಭಾಗಕ್ಕೆ ಇಷ್ಟು ಬಿಗಿಯಾದ ಹೊದಿಕೆ ಬೇಕು. ಬಾತಿನ ಕತ್ತಿನಲ್ಲೂ ಗರಿಗಳು ಹೀಗೆಯೇ ಸಣ್ಣವು, ಒತ್ತಾಗಿರುವಂಥವು. ಆದ್ದರಿಂದ ಅಲ್ಲೊಂದಿಷ್ಟು ಹೋದರೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ಕತ್ತಿನ ಚರ್ಮಕ್ಕೆ ಇನ್ನೊಂದು ವಿಶೇಷವಿದೆ. ಹುಟ್ಟಿನಿಂದಲೇ ಕತ್ತಿನಲ್ಲಿ ಗರಿ ಇಲ್ಲದ ಬೋಳುಗತ್ತಿನ ಕೋಳಿಗಳನ್ನು ನಮ್ಮಲ್ಲೂ ಕೇರಳದಲ್ಲೂ ನೋಡಿದವರಿದ್ದಾರೆ. ಅದು ಕಾಯಿಲೆಯಲ್ಲ, ತಳಿಯ ಗುಣ. 2011ರಲ್ಲಿ ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯ ಡೆನಿಸ್ ಹೆಡನ್ ಮತ್ತು ಸಂಗಡಿಗರು ಇದರ ಗುಟ್ಟು ಹುಡುಕಿದರು. ಭ್ರೂಣದ ಚರ್ಮದಲ್ಲಿ ಗರಿ ಮೊಳೆಯದಂತೆ ತಡೆಯುವ ಒಂದು ಪ್ರೋಟೀನು ಈ ಕೋಳಿಗಳಲ್ಲಿ ಹೆಚ್ಚು ತಯಾರಾಗುತ್ತದೆ. ಪ್ರೋಟೀನು ಹೆಚ್ಚಿದರೂ ಬೋಳಾಗುವುದು ಕತ್ತು ಮಾತ್ರ, ಏಕೆಂದರೆ ಕತ್ತಿನ ಚರ್ಮದಲ್ಲಿರುವ ರೆಟಿನೋಯಿಕ್ ಆಮ್ಲ ಆ ತಡೆಯ ಪರಿಣಾಮವನ್ನು ಅಲ್ಲಿ ಹೆಚ್ಚಿಸುತ್ತದೆ. ಕತ್ತಿನ ಚರ್ಮ ಮೊದಲಿನಿಂದಲೂ ಬೋಳಾಗುವ ಅಂಚಿನಲ್ಲೇ ಇರುತ್ತದೆ ಎಂದಾಯಿತು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಂದ ಆಫ್ರಿಕದ ಉಷ್ಟ್ರಪಕ್ಷಿಯವರೆಗೆ ಸಂಬಂಧವೇ ಇಲ್ಲದ ಹಕ್ಕಿಗಳಲ್ಲಿ ಕತ್ತೇ ಬೋಳಾಗಿರುವುದಕ್ಕೆ ಇದೂ ಒಂದು ವಿವರಣೆ.

ನಮ್ಮ ಬಾತು ಹುಟ್ಟುವಾಗ ಕತ್ತಿನ ತುಂಬ ಗರಿ ಹೊತ್ತೇ ಬಂದಿತ್ತು. ಈಗ ಹೋಗಿದೆ. ಹಾಗಾಗಿ ಮೊದಲು ಬೋಳಿನ ನಕ್ಷೆ ಬರೆಯಿರಿ. ಹಿಂಗತ್ತಿನಲ್ಲಿ, ತಲೆಯ ಹಿಂಬದಿ ಮುಗಿಯುವಲ್ಲಿ ಒಂದು ತೇಪೆಯೇ? ಕತ್ತಿನ ಸುತ್ತ ಉಂಗುರದಂತೆಯೇ? ಮುಂಭಾಗದಲ್ಲಿ ಮಾತ್ರವೇ? ಎಲ್ಲ ಕಡೆ ಚದುರಿಹೋದ ಹಾಗೆಯೇ? ಎದೆ, ಹೊಟ್ಟೆ ಬೋಳಾದ ಹೆಣ್ಣು ಬಾತಿನದು ಬೇರೆಯೇ ಕತೆ. ಕಾವಿಗೆ ಕೂರುವ ಹೆಣ್ಣು ಮೊಟ್ಟೆಗಳಿಗೆ ಹಾಸಲು ತನ್ನದೇ ಎದೆಯ ತುಪ್ಪಳವನ್ನು ಕೀಳುತ್ತದೆ. ಆದರೆ ಗೂಡಿಗೆ ಹಾಸಲೆಂದು ಅದು ಕತ್ತಿನ ಗರಿ ಕೀಳುವುದಿಲ್ಲ.

ಬಿದ್ದಿದೆಯೋ, ಮುರಿದಿದೆಯೋ?

ಎರಡನೆಯ ಪ್ರಶ್ನೆಗೆ ಬಾತನ್ನು ಕೈಗೆತ್ತಿಕೊಳ್ಳಲೇಬೇಕು. ಬಾತನ್ನು ಕತ್ತು ಹಿಡಿದು ಎತ್ತುವ ರೂಢಿ ಹಲವು ಕಡೆ ಇದೆ, ಗರಿ ಹೋಗುವುದಕ್ಕೆ ಕೆಲವೊಮ್ಮೆ ಅದೇ ಕಾರಣವಾಗಿರುತ್ತದೆ. ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ, ಕೈಯನ್ನು ಹೊಟ್ಟೆಯಡಿ ಕೊಟ್ಟು ಎತ್ತಿ. ಬೆಳಕಿಗೆ ಹಿಡಿದು ಬೋಳುಜಾಗದ ಅಂಚಿನ ಗರಿಗಳನ್ನು ಬೆರಳಿಂದ ಎದುರುದಿಕ್ಕಿಗೆ ಸವರಿ, ಬುಡ ನೋಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಇದ್ದರೆ ಸಾಕು.

ಮೊದಲ ಸಾಧ್ಯತೆ: ಚರ್ಮದಿಂದ ಸಣ್ಣ ತುಂಡುಕಡ್ಡಿಗಳು ಹೊರಚಾಚಿವೆ, ಸವರಿದರೆ ಬೆರಳಿಗೆ ಒರಟಾಗಿ ತಾಕುತ್ತವೆ, ತುದಿ ಸೀಳಿದೆ. ಇಲ್ಲಿ ಗರಿ ಉದುರಿಲ್ಲ, ದಂಡು ಮುರಿದಿದೆ. ಯಾವುದೋ ಗಟ್ಟಿ ವಸ್ತು ಅಥವಾ ಕೊಕ್ಕು ಪದೇಪದೇ ಉಜ್ಜಿದೆ. ಎರಡನೆಯದು: ಚರ್ಮ ನುಣುಪಾಗಿದೆ, ಗರಿ ಇದ್ದ ಸಣ್ಣ ಗುಳಿಗಳು ಖಾಲಿ ಇವೆ, ಅಲ್ಲಲ್ಲಿ ಕೆಂಪಾಗಿದೆ. ಗರಿ ಬುಡಸಮೇತ ಕಿತ್ತುಬಂದಿದೆ. ಮೂರನೆಯದು: ಗುಳಿಗಳಿಂದ ನೀಲಿಬೂದು ಮೊಳೆಗಳು ಸಾಲಾಗಿ ಇಣುಕುತ್ತಿವೆ. ಇವು ಹೊಸ ಗರಿಗಳು, ಇನ್ನೂ ಕೊಂಬಿನಂಥ ತೆಳುಕವಚದೊಳಗೆ ಸುರುಳಿಯಾಗಿ ಕೂತಿವೆ. ಕವಚದೊಳಗೆ ರಕ್ತ ಹರಿಯುತ್ತಿರುವುದರಿಂದ ಬಣ್ಣ ಕಪ್ಪುನೀಲಿ. ಕೊಳೆ ಎಂದು ಭಾವಿಸಿ ಕೆರೆದರೆ ರಕ್ತ ಬರುತ್ತದೆ, ಹಾಗಾಗಿ ಮುಟ್ಟದೆ ಬಿಡಬೇಕು.

ಈ ವ್ಯತ್ಯಾಸ ಬರೀ ಕುತೂಹಲಕ್ಕಲ್ಲ. ಬೆಳೆದು ಮುಗಿದ ಗರಿ ನಮ್ಮ ಉಗುರಿನ ತುದಿಯ ಹಾಗೆ ನಿರ್ಜೀವ ಕೆರಾಟಿನ್. ಅದು ಮುರಿದರೆ ರಿಪೇರಿಯಾಗುವುದಿಲ್ಲ. ಮುರಿದ ತುಂಡು ಗುಳಿಯಲ್ಲಿ ಕೂತಿರುವಷ್ಟು ಕಾಲ, ಅಂದರೆ ಮುಂದಿನ ಗರಿ ಬದಲಾವಣೆಯವರೆಗೆ, ಅಲ್ಲಿ ಹೊಸದು ಹುಟ್ಟುವುದಿಲ್ಲ. ಬುಡಸಮೇತ ಕಿತ್ತುಹೋದ ಗರಿಯ ವಿಷಯ ಬೇರೆ. ಗುಳಿ ಖಾಲಿಯಾದ ಕೂಡಲೇ ತಳದ ಜೀವಕೋಶಗಳು ಕೆಲಸ ಶುರುಮಾಡುತ್ತವೆ, ಕೆಲವೇ ವಾರಗಳಲ್ಲಿ ಹೊಸ ಗರಿ ಬರುತ್ತದೆ. ಹಾಗಾಗಿ ನೋಡಲು ಭೀಕರವಾಗಿರುವ ನುಣುಪು ಬೋಳು ಬೇಗ ತುಂಬೀತು, ಅರೆಬರೆ ಮುರಿದ ಗರಿಗಳ ಕತ್ತು ತಿಂಗಳುಗಟ್ಟಲೆ ಹಾಗೆಯೇ ಇದ್ದೀತು.

ಮುರಿದ ಗರಿಗಳು ಕತ್ತಿನ ಸುತ್ತ ಉಂಗುರವಾಗಿದ್ದರೆ, ಅಥವಾ ಮುಂಭಾಗದಲ್ಲಿ ಗೆರೆ ಎಳೆದ ಹಾಗಿದ್ದರೆ, ಬಾತನ್ನು ಕೆಳಗಿಟ್ಟು ಬೇಲಿ ನೋಡಿ. ಜಾಲರಿಯ ಕಿಂಡಿಯಲ್ಲಿ ಕತ್ತು ತೂರಿಸಿ ಆಚೆಯ ಹುಲ್ಲಿಗೆ ಬಾಯಿ ಹಾಕುವುದು ಬಾತಿನ ನಿತ್ಯದ ಕಸುಬು. ಕಿಂಡಿಯ ತಂತಿಗೆ, ಕತ್ತರಿಸಿದ ಕ್ಯಾನಿನ ಹರಿತ ಅಂಚಿಗೆ ಸಣ್ಣ ಗರಿ ಅಂಟಿರುತ್ತದೆ. ಕಾರಣ ಅಲ್ಲೇ ಸಿಕ್ಕಿತು.

ಯಾವ ಕಾಲ?

ಹಕ್ಕಿಗಳು ಹಳೆಯ ಗರಿ ಕಳಚಿ ಹೊಸದು ತೊಡುವುದು ಸಹಜ ಕ್ರಿಯೆ. ಹೊಸ ಹಲ್ಲು ಹಾಲುಹಲ್ಲನ್ನು ತಳ್ಳುವ ಹಾಗೆ ಗುಳಿಯೊಳಗೆ ಮೊಳೆತ ಗರಿಯೇ ಹಳೆಯದನ್ನು ಹೊರದೂಡುತ್ತದೆ. ಆದ್ದರಿಂದ ಸಹಜವಾಗಿ ಕಳಚುವಾಗ ಬರಿಚರ್ಮ ಕಾಣುವುದು ಕಡಿಮೆ, ಕಂಡರೂ ಅದರ ತುಂಬ ಆಗಲೇ ಮೊಳೆಗಳಿರುತ್ತವೆ. ಎಡಕ್ಕೂ ಬಲಕ್ಕೂ ಸಮನಾಗಿ ಕಳಚುತ್ತದೆ. ಚರ್ಮ ಕೆಂಪಾಗಿರುವುದಿಲ್ಲ. ನೆಲದ ಮೇಲೆ ಬಿದ್ದ ಗರಿಗಳು ಇಡಿಯಾಗಿರುತ್ತವೆ.

ಬಾತುಗಳ ಗರಿ ಬದಲಾವಣೆಯಲ್ಲಿ ಕೋಳಿಗಿಲ್ಲದ ಎರಡು ವಿಚಿತ್ರಗಳಿವೆ. ಮೊದಲನೆಯದು, ರೆಕ್ಕೆಯ ಹಾರುಗರಿಗಳೆಲ್ಲ ಒಟ್ಟಿಗೇ ಬೀಳುತ್ತವೆ. ಕಾಡುಬಾತುಗಳು ಆಗ ಮೂರು ನಾಲ್ಕು ವಾರ ಹಾರಲಾರದೆ ಜೊಂಡಿನಲ್ಲಿ ಅಡಗಿರುತ್ತವೆ. ಎರಡನೆಯದು, ಸಂತಾನಕಾಲ ಮುಗಿದ ಮೇಲೆ ಗಂಡು ತನ್ನ ಠಾಕುಠೀಕಿನ ತಲೆಗತ್ತಿನ ಗರಿಗಳನ್ನು ಕಳಚಿ ಹೆಣ್ಣಿನಂಥ ಮಂಕುಬಣ್ಣ ತೊಡುತ್ತದೆ, ಕೆಲವು ತಿಂಗಳ ನಂತರ ಮತ್ತೆ ಬಣ್ಣಕ್ಕೆ ಮರಳುತ್ತದೆ. ಅಕ್ಟೋಬರ್ ಹೊತ್ತಿಗೆ ನಮ್ಮ ಕೆರೆಗಳಿಗೆ ವಲಸೆ ಬರುವ ಸೂಜಿಬಾಲದ ಬಾತುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಪಕ್ಷಿವೀಕ್ಷಕರು ತಬ್ಬಿಬ್ಬಾಗುವುದು ಇದಕ್ಕೇ. ಮಸ್ಕವಿ ಒಂದನ್ನು ಬಿಟ್ಟರೆ ನಮ್ಮ ಸಾಕುಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಖಾಕಿ ಕ್ಯಾಂಪ್‌ಬೆಲ್ ಗಂಡಿನ ಕಂಚುಹಸಿರು ತಲೆಯೂ ಹೀಗೆಯೇ ಬಣ್ಣ ಕಳೆದುಕೊಂಡೀತು.

ಇದು ಯಾವ ತಿಂಗಳಲ್ಲಿ ಆಗುತ್ತದೆ ಎಂದು ಇಂಗ್ಲೆಂಡಿನ ಕೈಪಿಡಿಗಳು ಖಚಿತವಾಗಿ ಹೇಳುತ್ತವೆ. ಆ ಪಟ್ಟಿ ನಮಗೆ ಒಗ್ಗುವುದಿಲ್ಲ. ಗರಿ ಬದಲಾವಣೆಯ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಹಗಲಿನ ಉದ್ದ. ಲಂಡನ್ನಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂಬತ್ತು ಗಂಟೆಯಷ್ಟು ಅಂತರವಿದೆ. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರದ ಸೂಚನೆ ಇಷ್ಟು ಮೆಲುವಾದಾಗ ಆಹಾರದ ಏರುಪೇರು, ನೀರಿನ ಕೊರತೆ, ಸ್ಥಳಾಂತರ, ಮೊಟ್ಟೆಯಿಡುವುದು ಮುಗಿದದ್ದು, ಇವೆಲ್ಲ ಹೆಚ್ಚು ತೂಕ ಪಡೆಯುತ್ತವೆ. ಹಾಗಾಗಿ ಕ್ಯಾಲೆಂಡರಿಗಿಂತ ಮೊಳೆಗಳನ್ನು ನಂಬುವುದು ಒಳ್ಳೆಯದು.

ಹಿಂಡಿನಲ್ಲಿ ಗಂಡೆಷ್ಟು?

ಬೋಳು ಹಿಂಗತ್ತಿನಲ್ಲೇ ಇದ್ದು, ಬಾತು ಹೆಣ್ಣಾಗಿದ್ದು, ಮೊಳೆಗಳಿಗಿಂತ ಮುರಿದ ಮತ್ತು ಕಿತ್ತ ಗರಿಗಳೇ ಹೆಚ್ಚಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೂಡುವಾಗ ಗಂಡು ಬಾತು ಹೆಣ್ಣಿನ ಬೆನ್ನೇರಿ, ಜಾರದಿರಲು ಅದರ ಹಿಂಗತ್ತಿನ ಗರಿಗಳನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತದೆ. ಹಿಡಿತ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ. ದಿನಕ್ಕೆ ಒಂದೆರಡು ಸಲವಾದರೆ ಗರಿ ತಡೆದುಕೊಳ್ಳುತ್ತದೆ. ಹೆಣ್ಣು ಕಡಿಮೆಯಿದ್ದು ಗಂಡು ಹೆಚ್ಚಾದರೆ ತಡೆಯುವುದಿಲ್ಲ. ಮೊದಲು ಗರಿ ಹೋಗುತ್ತದೆ, ಆಮೇಲೆ ಚರ್ಮ ಸುಲಿಯುತ್ತದೆ.

ಮಲೆನಾಡಿನ ಒಂದು ತೋಟದ ಮನೆಯವರು ಸಂತೆಯಿಂದ ನಾಲ್ಕು ಬಾತುಮರಿ ತಂದರು ಎಂದುಕೊಳ್ಳೋಣ. ಮರಿಗಳಲ್ಲಿ ಗಂಡುಹೆಣ್ಣು ನೋಡಿ ಹೇಳುವಂತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಪ್ರತಿ ಮರಿಯೂ ಗಂಡಾಗುವ ಸಾಧ್ಯತೆ ಅರ್ಧ ಎಂದರೆ ನಾಲ್ಕೂ ಹೆಣ್ಣಾಗುವ ಸಂಭವ ಹದಿನಾರರಲ್ಲಿ ಒಂದು. ಒಂದೇ ಗಂಡು, ಮೂರು ಹೆಣ್ಣು ಸಿಗುವ ಸಂಭವ ಹದಿನಾರರಲ್ಲಿ ನಾಲ್ಕು. ಮಿಕ್ಕ ಹನ್ನೊಂದು ಪಾಲಿನಲ್ಲಿ ಎರಡೋ ಹೆಚ್ಚೋ ಗಂಡುಗಳು. ಬಾತು ಸಾಕಣೆಯ ಕೈಪಿಡಿಗಳು ಒಂದು ಗಂಡಿಗೆ ಐದಾರು ಹೆಣ್ಣು ಎನ್ನುತ್ತವೆ. ಅಂದರೆ ಸಣ್ಣ ಹಿಂಡು ಕೊಳ್ಳುವವರ ಮನೆಗೆ ಹೆಚ್ಚಿನ ಸಲ ಅತಿಯಾದ ಗಂಡುಗಳೇ ಬರುತ್ತವೆ, ಅದು ಗಣಿತದ ಮಾತು. ತಿಂಗಳುಗಳ ನಂತರ ಪಶು ಆಸ್ಪತ್ರೆಯ ಮಾತುಕತೆ ಹೀಗೆ ನಡೆದೀತು:

"ಡಾಕ್ಟ್ರೇ, ಎರಡು ಹೆಣ್ಣಿಗೂ ಹಿಂಗತ್ತು ಬೋಳಾಗಿದೆ. ಏನಾದ್ರೂ ಮುಲಾಮು ಕೊಡಿ."

"ಗಂಡು ಎಷ್ಟಿದೆ ಅಮ್ಮಾ ಮನೇಲಿ?"

"ಅದೂ ಎರಡು."

"ಹಾಗಾದ್ರೆ ಮುಲಾಮು ಯಾರಿಗೆ ಹಚ್ಚೋಣ ಹೇಳಿ."

ಗಂಡನ್ನು ಗುರುತಿಸುವುದು ಕಷ್ಟವಲ್ಲ. ಎರಡು ತಿಂಗಳಾಗುವ ಹೊತ್ತಿಗೆ ದೊಡ್ಡ ದನಿಯಲ್ಲಿ ಕ್ವಾಕ್ ಎನ್ನುವುದು ಹೆಣ್ಣು, ಗಂಟಲು ಕಟ್ಟಿದ ಹಾಗೆ ಸಣ್ಣಗೆ ಉಸುರುವುದು ಗಂಡು. ಮುಂದೆ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಮೇಲಕ್ಕೆ ಸುರುಳಿಯಾಗುತ್ತವೆ.

ಈ ಒರಟುತನ ಸಾಕಣೆಯಿಂದ ಬಂದದ್ದಲ್ಲ. ಮಲ್ಲಾರ್ಡ್ ಬಾತುಗಳಲ್ಲಿ ಜೋಡಿ ಸಿಗದ ಗಂಡುಗಳು ಹೆಣ್ಣನ್ನು ಬೆನ್ನಟ್ಟಿ ಬಲವಂತವಾಗಿ ಕೂಡುವುದು ಸಾಮಾನ್ಯ. ಈ ಸಂಘರ್ಷ ಅವುಗಳ ಅಂಗರಚನೆಯಲ್ಲೇ ಅಚ್ಚಾಗಿದೆ. 2007ರಲ್ಲಿ ಪ್ಯಾಟ್ರಿಷಿಯಾ ಬ್ರೆನನ್ ಮತ್ತು ಸಂಗಡಿಗರು 16 ಜಾತಿಯ ನೀರುಹಕ್ಕಿಗಳನ್ನು ಹೋಲಿಸಿ ನೋಡಿದರು. ಗಂಡಿನ ಜನನಾಂಗ ಎಡಸುತ್ತಿನ ಸುರುಳಿಯಾದರೆ, ಹೆಣ್ಣಿನ ನಾಳ ಬಲಸುತ್ತಿನ ಸುರುಳಿ, ಜೊತೆಗೆ ದಾರಿತಪ್ಪಿಸುವ ಕುರುಡುಚೀಲಗಳು. ಗಂಡಿನ ಅಂಗ ಉದ್ದವಾಗಿರುವ ಜಾತಿಗಳಲ್ಲಿ ಹೆಣ್ಣಿನ ನಾಳವೂ ಅಷ್ಟೇ ಜಟಿಲ. ಬೇಡದ ಗಂಡಿನ ಸಂತಾನವನ್ನು ತಡೆಯುವ ಉಪಾಯ ಹೆಣ್ಣಿನ ಒಡಲೊಳಗೆ ವಿಕಾಸವಾಗಿದೆ. ಬೋಳಾಗುವುದನ್ನು ತಡೆಯುವ ಉಪಾಯ ಮಾತ್ರ ಹಿಂಗತ್ತಿಗೆ ಇಲ್ಲ. ಕೆರೆಯಲ್ಲಾದರೆ ಹೆಣ್ಣು ಹಾರಿ ತಪ್ಪಿಸಿಕೊಂಡೀತು, ಬೇಲಿಯೊಳಗಿನ ಅಂಗಳದಲ್ಲಿ ಹೋಗುವುದೆಲ್ಲಿಗೆ?

ಕೋಳಿಗಳ ಜೊತೆ ಒಂಟಿ ಗಂಡು ಬಾತನ್ನು ಬಿಟ್ಟ ಮನೆಗಳಲ್ಲಿ ಅದು ಹೇಂಟೆಗಳ ಬೆನ್ನೇರುವುದೂ ಉಂಟು. ಕೋಳಿಯ ದೇಹ ಅದಕ್ಕೆ ಹೊಂದುವಂಥದ್ದಲ್ಲ, ಒಳಗೆ ಪೆಟ್ಟಾಗಿ ಸಾಯಬಹುದು. ಹಾಗಾಗಿ ಬೇರೆ ಮಾಡುವುದೇ ದಾರಿ.

ತಲೆಹೇನಿನ ಆಶ್ರಯ

ಹಿಂಡಿನಲ್ಲಿ ಗಂಡೇ ಇಲ್ಲ, ಆದರೂ ಕತ್ತಿನಲ್ಲಿ ಗರಿ ತೆಳುವಾಗಿದೆ, ಬಾತು ಕಾಲೆತ್ತಿ ತಲೆಗತ್ತನ್ನು ಕೆರೆದುಕೊಳ್ಳುತ್ತಲೇ ಇದೆ. ಆಗ ಮಸೂರಕ್ಕೆ ಮತ್ತೆ ಕೆಲಸ.

ಹಕ್ಕಿಯ ಹೇನುಗಳು ಮೈಯನ್ನು ಹಂಚಿಕೊಂಡು ಬಾಳುತ್ತವೆ. ಅನಾಟಿಕೋಲ ಎಂಬ ನೀಳ ಹೇನು ಬಾತಿನ ರೆಕ್ಕೆಗರಿಯ ಎಳೆಗಳ ನಡುವೆ ಸೇರಿಕೊಂಡು ಕೊಕ್ಕಿನಿಂದ ತಪ್ಪಿಸಿಕೊಳ್ಳುತ್ತದೆ. ಅನಟೀಕಸ್ ಎಂಬ ಗಿಡ್ಡ, ದುಂಡುತಲೆಯ ಹೇನಿನ ನೆಲೆ ತಲೆ ಮತ್ತು ಕತ್ತು. ಕೊಕ್ಕು ಬಾರದ ಆ ಪ್ರದೇಶದಲ್ಲಿ ಓಡುವ, ಅವಿತುಕೊಳ್ಳುವ ಚುರುಕು ಅದಕ್ಕೆ ಬೇಕಿಲ್ಲ. ಹೇನು ತಡೆಯಲು ಕೊಕ್ಕು ಎಷ್ಟು ಮುಖ್ಯ ಎಂಬುದನ್ನು ಯೂಟಾ ವಿಶ್ವವಿದ್ಯಾಲಯದ ಡೇಲ್ ಕ್ಲೇಟನ್ ತಂಡ 2005ರಲ್ಲಿ ಪಾರಿವಾಳಗಳಲ್ಲಿ ತೋರಿಸಿತು. ಮೇಲ್ಗೊಕ್ಕಿನ ತುದಿಯಲ್ಲಿ ಕೆಳಗೊಕ್ಕಿಗಿಂತ ಮುಂದೆ ಚಾಚಿರುವ ಒಂದೆರಡು ಮಿಲಿಮೀಟರ್ ಭಾಗವನ್ನು ಕತ್ತರಿಸಿದಾಗ ಹೇನುಗಳು ಏರಿದವು. ಪಾರಿವಾಳಗಳಿಗೆ ಕತ್ತಿನ ಸಮಸ್ಯೆಗೂ ಪರಿಹಾರವಿದೆ: ಜೋಡಿಹಕ್ಕಿ ಪರಸ್ಪರ ಕತ್ತು ತೀಡುತ್ತದೆ. ನಮ್ಮ ಕೆರೆಗಳ ಸಿಳ್ಳೆಬಾತುಗಳೂ ಹಾಗೆ ಮಾಡುತ್ತವೆ. ಮಲ್ಲಾರ್ಡ್ ವಂಶದ ಸಾಕುಬಾತಿಗೆ ಆ ಅಭ್ಯಾಸವಿಲ್ಲ. ಅದಕ್ಕಿರುವುದು ಎರಡೇ ಸಾಧನ: ಕಾಲುಗುರು ಮತ್ತು ನೀರು.

ಆದ್ದರಿಂದ ಹೇನು ಕಂಡರೆ ಪುಡಿ ಹುಡುಕುವ ಮೊದಲು ನೀರಿನ ಪಾತ್ರೆಯ ಆಳ ನೋಡಿ. ಬಾತಿಗೆ ಕೆರೆ ಬೇಕೆಂದಿಲ್ಲ, ತಲೆ ಪೂರ್ತಿ ಮುಳುಗುವಷ್ಟು ನೀರು, ಅಂದರೆ 12ರಿಂದ 15 ಸೆಂಟಿಮೀಟರ್ ಆಳ ಬೇಕೇ ಬೇಕು. ಅದಿಲ್ಲದಿದ್ದರೆ ಮೊದಲು ಕಣ್ಣಿನ ಸುತ್ತ ಹಕ್ಕಳೆ ಕಟ್ಟುತ್ತದೆ. ಮೈ ತೋಯಿಸಿಕೊಂಡ ಬಾತು ಬಾಲದ ಬುಡದ ಎಣ್ಣೆಗ್ರಂಥಿಗೆ ತಲೆ, ಕೆನ್ನೆ ಉಜ್ಜಿ, ಅದೇ ತಲೆಯನ್ನು ಮೈಗೆ ಸವರಿ ಗರಿಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತದೆ. ಕೊಕ್ಕು ಸಿಗದ ತಲೆಗತ್ತಿಗೆ ಎಣ್ಣೆ ಸಿಗುವುದೂ ಹೀಗೆಯೇ. ಸ್ನಾನವಿಲ್ಲದ ಬಾತಿನ ಗರಿ ಒಣಗಿ, ಎಳೆ ಬಿಟ್ಟುಕೊಂಡು, ಬೇಗ ಮುರಿಯುತ್ತದೆ.

ಕೆಂಪುನುಸಿ ಇನ್ನೂ ಕಳ್ಳ. ಹಗಲು ಗೂಡಿನ ಹಲಗೆ ಸಂದುಗಳಲ್ಲಿ ಅಡಗಿ ರಾತ್ರಿ ಹಕ್ಕಿಯ ರಕ್ತ ಹೀರುತ್ತದೆ. ಹಗಲಿನಲ್ಲಿ ಬಾತನ್ನು ಎಷ್ಟು ತಡಕಿದರೂ ಸಿಗುವುದಿಲ್ಲ. ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಗೂಡಿನ ಸಂದುಗಳಿಗೆ ಬಿಳಿ ಬಟ್ಟೆ ಒತ್ತಿ ಎಳೆಯಿರಿ. ಕೆಂಪು ಗೀರು ಮೂಡಿದರೆ ಮದ್ದು ಬೇಕಿರುವುದು ಬಾತಿಗಷ್ಟೇ ಅಲ್ಲ, ಗೂಡಿಗೂ. ಕೋಳಿಗೆಂದು ಮಾರುವ ಕೀಟನಾಶಕವನ್ನು ಬಾತಿಗೆ ಅಂದಾಜಿನಲ್ಲಿ ಹಚ್ಚಬಾರದು. ಪ್ರಮಾಣವನ್ನೂ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂಬುದನ್ನೂ ಪಶುವೈದ್ಯರನ್ನು ಕೇಳಬೇಕು.

ಮೇವಿನಲ್ಲಿ ಏನಿದೆ?

ಗರಿಯ ಶೇಕಡಾ 90ರಷ್ಟು ಪ್ರೋಟೀನು, ಅದರಲ್ಲೂ ಗಂಧಕವಿರುವ ಸಿಸ್ಟೀನ್ ಹೆಚ್ಚು. ಅನ್ನ, ನುಚ್ಚಕ್ಕಿ, ಬ್ರೆಡ್ಡು ತಿಂದೇ ಬೆಳೆದ ಬಾತಿಗೆ ಇದು ಸಾಲದು. ಆದರೆ ಪೌಷ್ಟಿಕಾಂಶದ ಕೊರತೆ ಕತ್ತೊಂದನ್ನೇ ಆರಿಸಿಕೊಳ್ಳುವುದಿಲ್ಲ. ಮೈಯ ಗರಿಯೆಲ್ಲ ಮಂಕಾಗುತ್ತದೆ, ಅಡ್ಡಡ್ಡ ತೆಳುಗೆರೆ ಬೀಳುತ್ತದೆ, ಕಳಚಿದ ಗರಿಯ ಜಾಗಕ್ಕೆ ಹೊಸದು ಬರಲು ತಡವಾಗುತ್ತದೆ. ಬಾತುಗಳಿಗೆ ಕೋಳಿಗಳಿಗಿಂತ ಹೆಚ್ಚು ಬೇಕಾದ ನಿಯಾಸಿನ್ ಎಂಬ ವಿಟಮಿನ್ನಿನ ಕೊರತೆಯೂ ಮೊದಲು ತೋರುವುದು ಮರಿಗಳ ಸೊಟ್ಟಗಾಲಿನಲ್ಲಿ. ಗರಿ ಮರಳಿ ಬೆಳೆಯುವಾಗ ಮೀನಿನ ಪುಡಿ, ಎರೆಹುಳು, ಬಸವನಹುಳು ಒಳ್ಳೆಯ ಮೇವು. ಕಡಲೆಕಾಯಿ ಹಿಂಡಿ ಕೊಡುವವರು ಬೂಷ್ಟು ಹಿಡಿದದ್ದನ್ನು ಎಸೆಯಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿ ತಿಂದು ಲಕ್ಷದಷ್ಟು ಟರ್ಕಿಗಳ ಜೊತೆ ಬಾತುಮರಿಗಳೂ ಸತ್ತದ್ದರಿಂದಲೇ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು. ಬಾತುಗಳಿಗೆ ಅದು ಸ್ವಲ್ಪವೇ ಸಾಕು.

ಒಂದು ಸಲಕ್ಕೆ ಒಂದೇ ಬದಲಾವಣೆ

ಚರ್ಮ ಹರಿದಿದ್ದರೆ, ಹಕ್ಕಳೆ ಕಟ್ಟಿ ಊದಿಕೊಂಡಿದ್ದರೆ, ಬಾತು ಮೇವು ಬಿಟ್ಟು ಇಳಿದುಹೋಗಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ. ಉಳಿದ ಸಂದರ್ಭಗಳಲ್ಲಿ ನಿಮಗೆ ಸಮಯವಿದೆ. ಬೋಳುಗತ್ತಿನ ಫೋಟೋ ತೆಗೆದು ದಿನಾಂಕ ಬರೆದಿಡಿ. ನಕ್ಷೆ, ಗರಿಯ ಬುಡ, ಕಾಲ, ಹಿಂಡು, ಹುಳು, ಈ ಕ್ರಮದಲ್ಲಿ ನೋಡಿ ಅತಿ ಸಂಭವನೀಯ ಕಾರಣ ಒಂದನ್ನು ಆರಿಸಿ, ಅದನ್ನು ಮಾತ್ರ ಸರಿಪಡಿಸಿ. ಗಂಡುಗಳನ್ನು ಬೇರೆ ಅಂಗಳಕ್ಕೆ ಕಳಿಸಿ. ಹೆಣ್ಣು ಕಣ್ಣಿಗೆ ಬೀಳದಿದ್ದರೆ ಗಂಡುಗಳು ಹೆಚ್ಚಾಗಿ ತಮ್ಮತಮ್ಮಲ್ಲೇ ಶಾಂತವಾಗಿರುತ್ತವೆ. ಅಥವಾ ಜಾಲರಿ ಬದಲಿಸಿ, ಇಲ್ಲವೇ ಆಳದ ಬಾನಿ ಇಡಿ. ನಂತರ ಮೊಳೆಗಳಿಗಾಗಿ ಕಾಯಿರಿ. ಖಾಲಿ ಗುಳಿಗಳಲ್ಲಿ ಕೆಲವು ವಾರಗಳೊಳಗೆ ನೀಲಿಬೂದು ತುದಿಗಳು ಕಂಡು, ಬೋಳು ಹರಡುವುದು ನಿಂತರೆ ನಿಮ್ಮ ಊಹೆ ಪರೀಕ್ಷೆಯಲ್ಲಿ ಗೆದ್ದಿತು. ಮುರಿದ ಗರಿಗಳ ಕತ್ತಿನಲ್ಲಿ ಮೊಳೆ ಬೇಗ ಬಾರದು, ಹೊಸದಾಗಿ ಮುರಿಯುವುದು ನಿಂತಿತೇ ಎಂಬುದೇ ಅಲ್ಲಿ ಒರೆಗಲ್ಲು.

ವಿಟಮಿನ್ ಹನಿ, ಬೇವಿನೆಣ್ಣೆ, ಹೊಸ ಮೇವು, ಹೇನಿನ ಪುಡಿ ಎಲ್ಲವನ್ನೂ ಒಂದೇ ವಾರ ಶುರುಮಾಡಿದರೂ ಬಾತಿಗೆ ಗರಿ ಬಂದೀತು. ಯಾವುದರಿಂದ ಬಂತು ಎಂದು ಮಾತ್ರ ತಿಳಿಯದು. ಒಂದುವೇಳೆ ಅದು ಕಾಲಧರ್ಮದ ಗರಿ ಬದಲಾವಣೆಯೇ ಆಗಿದ್ದರೆ, ಹೇಗೂ ಬರಲಿದ್ದ ಗರಿಯ ಕೀರ್ತಿ ಬಾಟಲಿಯ ಪಾಲಾಗುತ್ತದೆ. ಮರುವರ್ಷ ಕತ್ತು ಮತ್ತೆ ತೆಳುವಾದಾಗ ಅದೇ ಬಾಟಲಿ ಕೈಗೆ ಬರುತ್ತದೆ, ಎರಡನೆಯ ಗಂಡು ಅಂಗಳದಲ್ಲೇ ಓಡಾಡಿಕೊಂಡಿರುತ್ತದೆ.